ಬಿಸಿಲ ಸೀಮೆಯ ಬ್ಯಾಟರಿಗೆ ಆವಿಯಾಗದ ಉಪ್ಪು

ಏಪ್ರಿಲ್ ತಿಂಗಳ ಮಧ್ಯಾಹ್ನ. ಕೊಪ್ಪಳದ ಜವಾಹರ ರಸ್ತೆಯ ಅಂಗಡಿಗಳ ಮುಂದೆ ತಾಡಪತ್ರಿ ಇಳಿಬಿಟ್ಟಿದ್ದಾರೆ. ಮೊಬೈಲ್ ರಿಪೇರಿ ಅಂಗಡಿಯ ಗಾಜಿನ ಕೌಂಟರ್ ಮೇಲೆ ಹಿರಿಯರೊಬ್ಬರು ಫೋನ್ ಇಡುತ್ತಾರೆ. ಅದರ ಹಿಂಬದಿಯ ಮುಚ್ಚಳ ಒಂದು ಮಗ್ಗುಲಿಗೆ ಎದ್ದು ನಿಂತಿದೆ. ಅಂಗಡಿಯ ಹುಡುಗ ಬ್ಯಾಟರಿ ಬಿಚ್ಚಿ, ಗಾಜಿನ ಮೇಲೆ ಅಂಗಾತ ಇಟ್ಟು, ಬೆರಳ ತುದಿಯಿಂದ ಮೆಲ್ಲಗೆ ತಳ್ಳುತ್ತಾನೆ. ಚಪ್ಪಟೆಯಾಗಿದ್ದರೆ ಜಾರಬೇಕಿತ್ತು. ಅದು ನಿಂತಲ್ಲೇ ಗಿರ್ರನೆ ತಿರುಗುತ್ತದೆ. “ಕಾಕಾ, ಬ್ಯಾಟರಿ ಉಬ್ಬೈತ್ರಿ. ಇದನ್ನ ಮತ್ತ ಚಾರ್ಜಿಗೆ ಹಾಕಬ್ಯಾಡ್ರಿ” ಎನ್ನುತ್ತಾನೆ.

ಆ ಬ್ಯಾಟರಿಯ ಹೊಟ್ಟೆಯಲ್ಲಿ ತುಂಬಿರುವುದು ಅನಿಲ. ತಯಾರಾಗುವಾಗ ಅದರೊಳಗೆ ಅಷ್ಟು ಅನಿಲ ಇರಲಿಲ್ಲ. ಒಳಗಿದ್ದ ದ್ರವ ಒಡೆದು ಅನಿಲವಾಗಿದೆ. ಆ ದ್ರವದ ಹೆಸರು ಎಲೆಕ್ಟ್ರೋಲೈಟ್. ಬ್ಯಾಟರಿ ಎಂದಾಗ ನಾವೆಲ್ಲ ಲಿಥಿಯಂ, ಕೋಬಾಲ್ಟ್, ನಿಕ್ಕಲ್ ಎಂದು ಲೋಹಗಳ ಮಾತಾಡುತ್ತೇವೆ. ಬ್ಯಾಟರಿ ಇನ್ನೂ ಎಷ್ಟು ಶಕ್ತಿ ಹಿಡಿಯಬಹುದು, ಎಷ್ಟು ವರ್ಷ ಬಾಳಬಹುದು, ಬಿಸಿಲಿಗೆ ಎಷ್ಟು ತಡೆಯಬಹುದು ಎನ್ನುವುದನ್ನು ಈಗ ಬಹುಮಟ್ಟಿಗೆ ತೀರ್ಮಾನಿಸುತ್ತಿರುವುದು ಈ ದ್ರವ. ಅದನ್ನೇ ಬದಲಾಯಿಸುವ ಒಂದು ಪ್ರಯತ್ನದ ಕಥೆ ಇದು. ನಮ್ಮಂಥ ಬಿಸಿಲ ಸೀಮೆಗೆ ಅದು ಬೇರೆಯವರಿಗಿಂತ ಹೆಚ್ಚು ಒಗ್ಗಬಹುದು ಎಂಬುದಕ್ಕೆ ಗಟ್ಟಿ ಕಾರಣಗಳಿವೆ.

ವೋಲ್ಟೇಜ್ ಏರಿದರೆ ಏನು ಲಾಭ?

ಲಿಥಿಯಂ ಅಯಾನ್ ಬ್ಯಾಟರಿಯೊಳಗೆ ಮೂರು ಮುಖ್ಯ ಭಾಗ. ಒಂದು ಕಡೆ ಕ್ಯಾಥೋಡ್, ಸಾಮಾನ್ಯವಾಗಿ ಲೋಹದ ಆಕ್ಸೈಡ್ ಅಥವಾ ಫಾಸ್ಫೇಟ್‌ನ ಪುಡಿ ಬಳಿದ ಅಲ್ಯೂಮಿನಿಯಂ ಹಾಳೆ. ಇನ್ನೊಂದು ಕಡೆ ಆನೋಡ್, ಗ್ರಾಫೈಟ್ ಬಳಿದ ತಾಮ್ರದ ಹಾಳೆ. ನಡುವೆ ಎಲೆಕ್ಟ್ರೋಲೈಟ್‌ನಲ್ಲಿ ನೆನೆದ ತೆಳು ಪರದೆ. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು ಕ್ಯಾಥೋಡ್‌ನಿಂದ ಹೊರಟು, ದ್ರವ ದಾಟಿ, ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ. ಬಳಸುವಾಗ ಅದೇ ದಾರಿಯಲ್ಲಿ ಮರಳುತ್ತವೆ.

ಮುನಿರಾಬಾದಿನ ಅಣೆಕಟ್ಟೆ ನೋಡಿದವರಿಗೆ ವೋಲ್ಟೇಜಿನ ಲೆಕ್ಕ ಸುಲಭ. ಟರ್ಬೈನ್ ತಿರುಗಿಸುವ ಶಕ್ತಿ ಎಷ್ಟು ನೀರು ಹರಿಯಿತು ಎಂಬುದರ ಮೇಲಷ್ಟೇ ಅಲ್ಲ, ಎಷ್ಟು ಎತ್ತರದಿಂದ ಬಿತ್ತು ಎಂಬುದರ ಮೇಲೂ ನಿಂತಿದೆ. ಬ್ಯಾಟರಿಯಲ್ಲಿ ಹರಿಯುವುದು ವಿದ್ಯುದಾವೇಶ, ಎತ್ತರವೇ ವೋಲ್ಟೇಜ್. ಎರಡನ್ನೂ ಗುಣಿಸಿದರೆ ಶಕ್ತಿ.

ವಿದ್ಯುತ್ ಆಟೊಗಳಲ್ಲೂ ಸೌರ ವಿದ್ಯುತ್ ಸಂಗ್ರಹದಲ್ಲೂ ಇಂದು ಹೆಚ್ಚು ಬಳಕೆಯಲ್ಲಿರುವ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಕ್ಯಾಥೋಡನ್ನೇ ತೆಗೆದುಕೊಳ್ಳಿ. ಅದರ ವೋಲ್ಟೇಜ್ ಸುಮಾರು 3.4. ಒಂದು ಗ್ರಾಂ ಪುಡಿ ಸಿದ್ಧಾಂತದ ಪ್ರಕಾರ 170 ಮಿಲಿ ಆಂಪಿಯರ್-ಗಂಟೆ ಆವೇಶ ಹಿಡಿಯುತ್ತದೆ. ಗುಣಿಸಿದರೆ ಕಿಲೋಗ್ರಾಂಗೆ 578 ವ್ಯಾಟ್-ಗಂಟೆ. ನಿಕ್ಕಲ್ ಮತ್ತು ಮ್ಯಾಂಗನೀಸ್ ಸೇರಿದ ‘ಸ್ಪೈನಲ್’ ಎಂಬ ಇನ್ನೊಂದು ಕ್ಯಾಥೋಡ್ ಇದೆ. ಅದು ಹಿಡಿಯುವ ಆವೇಶ ಇನ್ನೂ ಕಡಿಮೆ, 147. ಆದರೆ ವೋಲ್ಟೇಜ್ 4.7. ಅಲ್ಲಿಗೆ ಸುಮಾರು 690 ವ್ಯಾಟ್-ಗಂಟೆ! ಅದರಲ್ಲಿ ದುಬಾರಿ ಕೋಬಾಲ್ಟ್ ಬೇಕಿಲ್ಲ, ಮ್ಯಾಂಗನೀಸ್ ಅದಿರು ನಮ್ಮ ಪಕ್ಕದ ಸಂಡೂರಿನಲ್ಲೇ ಇದೆ. ಇಷ್ಟಿದ್ದೂ ಅದು ಮಾರುಕಟ್ಟೆಯನ್ನು ಆಳುತ್ತಿಲ್ಲ. ಅಷ್ಟು ವೋಲ್ಟೇಜನ್ನು ಈಗಿನ ದ್ರವ ತಾಳಿಕೊಳ್ಳುವುದಿಲ್ಲ ಎಂಬುದೇ ಅದಕ್ಕೆ ದೊಡ್ಡ ಕಾರಣ.

ಫೋನಿನ ಬ್ಯಾಟರಿಯ ಮೇಲಿನ ಸಣ್ಣ ಅಕ್ಷರ ಓದಿದರೆ ಈ ಏರಿಕೆ ಕಣ್ಣಿಗೇ ಕಾಣುತ್ತದೆ. ಹಳೆಯ ಗುಂಡಿ ಫೋನುಗಳ ಬ್ಯಾಟರಿ ಮೇಲೆ 3.7 ವೋಲ್ಟ್, ಚಾರ್ಜ್ ಮಿತಿ 4.2 ವೋಲ್ಟ್ ಎಂದಿರುತ್ತಿತ್ತು. ಈಗಿನ ಅನೇಕ ಸ್ಮಾರ್ಟ್‌ಫೋನ್ ಬ್ಯಾಟರಿಗಳ ಮೇಲೆ 3.85 ಮತ್ತು 4.4 ಎಂದಿದೆ. ಜಾನ್ ಗುಡ್‌ಇನಫ್ ಅವರ ತಂಡ 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಂಡುಕೊಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡೇ ಎರಡರಲ್ಲೂ ಕ್ಯಾಥೋಡ್. 4.2 ವೋಲ್ಟ್‌ಗೆ ನಿಲ್ಲಿಸಿದರೆ ಅದರಿಂದ ಸುಮಾರು ಅರ್ಧ ಲಿಥಿಯಂ ಮಾತ್ರ ಹೊರಬರುತ್ತದೆ. ಇನ್ನಷ್ಟು ಒತ್ತಿದರೆ ಇನ್ನಷ್ಟು ಹೊರಬರುತ್ತದೆ. 0.2 ವೋಲ್ಟ್ ಏರಿಸಲು ತಯಾರಕರಿಗೆ ಹತ್ತಾರು ವರ್ಷ ಹಿಡಿಯಿತು.

ತಡೆ ಇರುವುದು ದ್ರವದಲ್ಲಿ

ಇಂದಿನ ಬಹುತೇಕ ಬ್ಯಾಟರಿಗಳ ಎಲೆಕ್ಟ್ರೋಲೈಟ್ ಎಂದರೆ ಎಥಿಲೀನ್ ಕಾರ್ಬೊನೇಟ್, ಡೈಮಿಥೈಲ್ ಕಾರ್ಬೊನೇಟ್‌ನಂಥ ಸಾವಯವ ದ್ರಾವಕಗಳಲ್ಲಿ ಲಿಥಿಯಂ ಹೆಕ್ಸಾಫ್ಲೋರೊಫಾಸ್ಫೇಟ್ ಎಂಬ ಲವಣ ಕರಗಿಸಿದ ಮಿಶ್ರಣ. 1991ರಲ್ಲಿ ಸೋನಿ ಕಂಪನಿ ಮೊದಲ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ತಂದ ಮೇಲೆ ಈ ಪಾಕದಲ್ಲಿ ತಿದ್ದುಪಡಿಗಳು ಆಗಿವೆಯೇ ಹೊರತು ಅಡಿಪಾಯ ಅಷ್ಟಾಗಿ ಬದಲಾಗಿಲ್ಲ.

ಚಾರ್ಜ್ ಆದ ಕ್ಯಾಥೋಡ್ ಎಲೆಕ್ಟ್ರಾನುಗಳಿಗಾಗಿ ಹಸಿದಿರುತ್ತದೆ. ವೋಲ್ಟೇಜ್ ಏರಿದಷ್ಟೂ ಹಸಿವು ಹೆಚ್ಚು. ಸುಮಾರು 4.3 ವೋಲ್ಟ್ ದಾಟಿದ ಮೇಲೆ ಅದು ತನ್ನನ್ನು ಮುಟ್ಟಿಕೊಂಡಿರುವ ದ್ರಾವಕದ ಅಣುಗಳಿಂದಲೇ ಎಲೆಕ್ಟ್ರಾನ್ ಕಸಿಯಲು ಶುರುಮಾಡುತ್ತದೆ. ಅಣು ಒಡೆಯುತ್ತದೆ, ಇಂಗಾಲದ ಡೈಆಕ್ಸೈಡ್‌ನಂಥ ಅನಿಲ ಹುಟ್ಟುತ್ತದೆ, ಕ್ಯಾಥೋಡ್ ಮೇಲೆ ಅಂಟಂಟಾದ ಪದರ ಕಟ್ಟುತ್ತದೆ. ಬ್ಯಾಟರಿ ಉಬ್ಬುವುದು ಹೀಗೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಒಳಗೆ ಎಲ್ಲೋ ಉಳಿದ ಒಂದಿಷ್ಟು ತೇವದೊಂದಿಗೆ ಆ ಲವಣ ಸೇರಿದರೆ ಹೈಡ್ರೋಫ್ಲೋರಿಕ್ ಆಮ್ಲ ತಯಾರಾಗುತ್ತದೆ. ಅದು ಕ್ಯಾಥೋಡ್‌ನ ಮ್ಯಾಂಗನೀಸ್, ನಿಕ್ಕಲ್‌ಗಳನ್ನು ಕರಗಿಸುತ್ತದೆ. ಕರಗಿದ ಲೋಹ ದ್ರವದಲ್ಲಿ ತೇಲಿಹೋಗಿ ಆನೋಡಿನ ರಕ್ಷಣಾ ಪದರವನ್ನು ಕೆಡಿಸುತ್ತದೆ. ಕೆಟ್ಟ ಪದರ ಮತ್ತೆ ಕಟ್ಟಿಕೊಳ್ಳುವಾಗ ದುಡಿಯಬೇಕಾದ ಲಿಥಿಯಂ ಖರ್ಚಾಗುತ್ತದೆ. ‘ಮೊದಲು ಎರಡು ದಿನ ಬರುತ್ತಿದ್ದ ಚಾರ್ಜ್ ಈಗ ಸಂಜೆಗೇ ಮುಗಿಯುತ್ತದೆ’ ಎಂಬ ದೂರಿನ ಹಿಂದೆ ಇರುವ ಕಾರಣಗಳಲ್ಲಿ ಇದೂ ಒಂದು.

ಬಿಸಿಲು ಎಲ್ಲವನ್ನೂ ವೇಗವಾಗಿಸುತ್ತದೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಬಿಸಿಲಲ್ಲಿ ನಿಂತ ಸ್ಕೂಟರಿನ ಸೀಟಿನ ಕೆಳಗೆ, ತಗಡಿನ ಸೂರಿನಡಿ ಇಟ್ಟ ಬ್ಯಾಟರಿ ಪೆಟ್ಟಿಗೆಯೊಳಗೆ ಶಾಖ ಅದಕ್ಕೂ ಹೆಚ್ಚು. ಮೇಲೆ ಹೇಳಿದ ಕೇಡಿನ ಕ್ರಿಯೆಗಳೆಲ್ಲ ರಾಸಾಯನಿಕ ಕ್ರಿಯೆಗಳು, ಬಿಸಿ ಹೆಚ್ಚಿದಂತೆ ಓಟ ಹೆಚ್ಚುತ್ತದೆ. ಅದರ ಜೊತೆಗೆ, ಈ ದ್ರಾವಕಗಳಲ್ಲಿ ಕೆಲವಂತೂ ನಾವು ಕೂತಿರುವ ಕೋಣೆಯ ಶಾಖದಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತವೆ.

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದದ್ದು ನೆನಪಿರಬಹುದು. ಅದಾದ ಮೇಲೆ ಕೇಂದ್ರ ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮಾವಳಿಯನ್ನು ಬಿಗಿಗೊಳಿಸಿ ಅದೇ ವರ್ಷದ ಡಿಸೆಂಬರ್ 1ರಿಂದ ಮೊದಲ ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತ ಜಾರಿಗೆ ತಂದಿತು. ಬೆಂಕಿಗೆ ಕಾರಣ ಒಂದೇ ಇರುವುದಿಲ್ಲ. ಸೆಲ್‌ನ ಗುಣಮಟ್ಟ, ಜೋಡಣೆ, ನಿಯಂತ್ರಣದ ಸರ್ಕ್ಯೂಟು ಎಲ್ಲವೂ ಸೇರುತ್ತವೆ. ಆದರೆ ಒಮ್ಮೆ ಹೊತ್ತಿದ ಮೇಲೆ ಉರಿಯಲು ಇಂಧನ ಒದಗಿಸುವುದರಲ್ಲಿ ಈ ದ್ರವದ ಪಾಲು ದೊಡ್ಡದು.

ಕರಗಿಯೇ ಇರುವ ಉಪ್ಪು

ಅಡುಗೆ ಉಪ್ಪು ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಶಾಖ ಬೇಕು. ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಚಿಕ್ಕವು, ದುಂಡನೆಯವು, ಒತ್ತೊತ್ತಾಗಿ ಕೂತು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಅವುಗಳ ಜಾಗದಲ್ಲಿ ದೊಡ್ಡ, ಸೊಟ್ಟ ಆಕಾರದ ಅಯಾನುಗಳನ್ನು ಇಟ್ಟರೆ ಸಾಲಾಗಿ ಕೂರಲು ಆಗದೆ ಹರಳುಗಟ್ಟುವುದೇ ಕಷ್ಟ. ಆಗ ಆ ಉಪ್ಪು ಕೋಣೆಯ ಶಾಖದಲ್ಲೇ ದ್ರವವಾಗಿರುತ್ತದೆ. ಇದೇ ಅಯಾನಿಕ ದ್ರವ. ಇದರಲ್ಲಿ ನೀರಿಲ್ಲ, ದ್ರಾವಕವೂ ಇಲ್ಲ. ಇಡೀ ದ್ರವವೇ ಉಪ್ಪು.

ಪಾಲ್ ವಾಲ್ಡೆನ್ ಎಂಬ ರಸಾಯನ ವಿಜ್ಞಾನಿ 1914ರಲ್ಲೇ 12 ಡಿಗ್ರಿಗೆ ಕರಗುವ ಇಂಥ ಲವಣವೊಂದನ್ನು ವರದಿ ಮಾಡಿದ್ದರು. ಅದಕ್ಕೆ ಉಪಯೋಗ ಕಾಣಲು ದಶಕಗಳೇ ಬೇಕಾದವು. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಬ್ಯಾಟರಿಗಳಿಗೆಂದೇ ಇಂಥ ದ್ರವ ಹುಡುಕುತ್ತಿದ್ದರು. ಮೊದಮೊದಲು ಸಿಕ್ಕವು ಗಾಳಿಯ ತೇವ ತಗುಲಿದರೇ ಕೆಡುತ್ತಿದ್ದವು. ಗಾಳಿ, ನೀರು ಎರಡಕ್ಕೂ ಜಗ್ಗದ ಬಗೆಯನ್ನು ವಿಲ್ಕ್ಸ್ ಮತ್ತು ಜವರೊಟ್ಕೊ 1992ರಲ್ಲಿ ಪ್ರಕಟಿಸಿದ ಮೇಲೆ ಸಂಶೋಧನೆ ಹಬ್ಬಿತು.

ಬ್ಯಾಟರಿಗೆ ಇದರಿಂದ ಮೂರು ಅನುಕೂಲ. ಅಯಾನಿಕ ದ್ರವ ಆವಿಯಾಗುವುದು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಸುಲಭವಾಗಿ ಬೆಂಕಿ ಹಿಡಿಯುವುದಿಲ್ಲ. ಹಲವು ಬಗೆಗಳು 200 ಡಿಗ್ರಿಯ ಆಚೆಗೂ ಒಡೆಯದೆ ನಿಲ್ಲುತ್ತವೆ. ಮೂರನೆಯದೇ ನಮ್ಮ ವಿಷಯಕ್ಕೆ ಮುಖ್ಯ: ಒಳ್ಳೆಯ ಅಯಾನಿಕ ದ್ರವದ ಅಯಾನುಗಳಿಂದ ಎಲೆಕ್ಟ್ರಾನ್ ಕಸಿಯುವುದು ಕಷ್ಟ. ಆದ್ದರಿಂದ 4.3 ವೋಲ್ಟ್ ಮೀರಿದ ಕ್ಯಾಥೋಡ್ ಪಕ್ಕದಲ್ಲೂ ಅದು ನೆಮ್ಮದಿಯಾಗಿರುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಟಿಎಫ್‌ಎಸ್‌ಐ ಎಂಬ ಅಯಾನನ್ನು ಮಾಮೂಲಿ ಕಾರ್ಬೊನೇಟ್ ದ್ರಾವಕದಲ್ಲಿ ಬಳಸಿದರೆ ಕ್ಯಾಥೋಡ್ ಹಿಂದಿನ ಅಲ್ಯೂಮಿನಿಯಂ ಹಾಳೆಯನ್ನು ಅದು ತಿಂದುಹಾಕುತ್ತದೆ. ಅಯಾನಿಕ ದ್ರವದೊಳಗೆ ಅದೇ ಅಯಾನ್ ಅಷ್ಟು ಕೇಡು ಮಾಡುವುದಿಲ್ಲ. ಅಲ್ಯೂಮಿನಿಯಂ ಜೊತೆ ಸೇರಿ ಹುಟ್ಟುವ ಸಂಯುಕ್ತ ಅಲ್ಲಿ ಕರಗದೆ ಹಾಳೆಗೇ ಹೊದಿಕೆಯಾಗಿ ಕೂರುತ್ತದೆ.

ಉಲ್ಮ್‌ನಲ್ಲಿ ಸಾವಿರ ಸುತ್ತು

ಈ ದಾರಿಯಲ್ಲಿ ಹೆಚ್ಚು ಮಾತಾದ ಫಲಿತಾಂಶ ಬಂದದ್ದು 2021ರಲ್ಲಿ, ಜರ್ಮನಿಯ ಉಲ್ಮ್‌ನ ಹೆಲ್ಮ್‌ಹೋಲ್ಟ್ಸ್ ಸಂಸ್ಥೆ ಮತ್ತು ಕಾರ್ಲ್ಸ್‌ರೂಹೆ ತಂತ್ರಜ್ಞಾನ ಸಂಸ್ಥೆಯಿಂದ. ಸ್ಟೆಫಾನೊ ಪಾಸೆರಿನಿ ಅವರ ತಂಡ ನಿಕ್ಕಲ್ ಪ್ರಮಾಣ ಬಹಳ ಹೆಚ್ಚಿರುವ, ಕೋಬಾಲ್ಟ್ ಕಡಿಮೆಯಿರುವ ಕ್ಯಾಥೋಡ್ ತೆಗೆದುಕೊಂಡಿತು. ಇಂಥ ಕ್ಯಾಥೋಡ್ ಹೆಚ್ಚು ಶಕ್ತಿ ಹಿಡಿಯುತ್ತದೆ, ಆದರೆ ಮಾಮೂಲಿ ದ್ರವದಲ್ಲಿ ಅದರ ಕಣಗಳು ಬಿರುಕು ಬಿಡುತ್ತವೆ, ಬಿರುಕಿನೊಳಗೆ ದ್ರವ ಇಳಿದು ಕೇಡು ಮುಂದುವರಿಯುತ್ತದೆ. ತಂಡ ಅದರ ಬದಲು ಎರಡು ಬಗೆಯ ಋಣ ಅಯಾನುಗಳಿರುವ ಅಯಾನಿಕ ದ್ರವ ತುಂಬಿತು. ಕ್ಯಾಥೋಡ್ ಮೈಮೇಲೆ ತೆಳ್ಳಗಿನ, ಗಟ್ಟಿ ಪದರ ಕಟ್ಟಿಕೊಂಡು ಬಿರುಕು ತಗ್ಗಿತು. ಸಾವಿರ ಸಲ ಚಾರ್ಜ್ ಮಾಡಿ ಖಾಲಿ ಮಾಡಿದ ಮೇಲೂ ಮೊದಲಿನ ಸಾಮರ್ಥ್ಯದ ಶೇ 88 ಉಳಿದಿತ್ತು. ಸಕ್ರಿಯ ವಸ್ತುಗಳ ತೂಕಕ್ಕೆ ಲೆಕ್ಕ ಹಾಕಿದರೆ ಕಿಲೋಗ್ರಾಂಗೆ 560 ವ್ಯಾಟ್-ಗಂಟೆ.

ಇದನ್ನು ಓದುವಾಗ ಎರಡು ಎಚ್ಚರ ಬೇಕು. ಹೊರಕವಚ, ಹಾಳೆ, ದ್ರವ ಎಲ್ಲದರ ತೂಕ ಸೇರಿಸಿದರೆ ಆ ಅಂಕಿ ಇಳಿಯುತ್ತದೆ. ಅಲ್ಲದೆ ಅವರ ಆನೋಡ್ ಗ್ರಾಫೈಟ್ ಆಗಿರಲಿಲ್ಲ, ಲಿಥಿಯಂ ಲೋಹವಾಗಿತ್ತು. ಈ ವ್ಯತ್ಯಾಸ ನಮ್ಮ ಸೀಮೆಗೆ ಯಾಕೆ ಮುಖ್ಯ ಎಂಬುದನ್ನು ಮುಂದೆ ನೋಡೋಣ.

ಬೆಂಗಳೂರಿನ ಎರಡು ಪ್ರಯೋಗಾಲಯ

ಭಾರತೀಯ ವಿಜ್ಞಾನ ಸಂಸ್ಥೆಯ ಘನಸ್ಥಿತಿ ಮತ್ತು ರಚನಾ ರಸಾಯನ ವಿಜ್ಞಾನ ವಿಭಾಗದಲ್ಲಿ ಅನಿಂದಾ ಭಟ್ಟಾಚಾರ್ಯ ಅವರ ತಂಡ ಎಲೆಕ್ಟ್ರೋಲೈಟ್‌ಗಳ ಮೇಲೆ ಬಹುಕಾಲದಿಂದ ಕೆಲಸ ಮಾಡಿದೆ. ಅಯಾನಿಕ ದ್ರವವನ್ನು ಪಾಲಿಮರ್‌ನೊಂದಿಗೆ ಸೇರಿಸಿ, ಸೋರದ ಮೆದು ಜೆಲ್ ಮಾಡಿ ಲಿಥಿಯಂ ಬ್ಯಾಟರಿಗೆ ಬಳಸುವ ವಿಧಾನವನ್ನು ಅವರು 2011ರಲ್ಲಿ ಪ್ರಕಟಿಸಿದರು.

ಅದೇ ಸಂಸ್ಥೆಯ ಪ್ರಬೀರ್ ಬರ್ಪಂಡ ಅವರ ಕೆಲಸ ಕ್ಯಾಥೋಡ್ ಕಡೆಯದು. ಬೆಂಗಳೂರಿಗೆ ಬರುವ ಮುನ್ನ ಫ್ರಾನ್ಸ್‌ನಲ್ಲಿ ಜ್ಯಾಂ-ಮರಿ ತರಾಸ್ಕೋನ್ ಅವರ ಗುಂಪಿನಲ್ಲಿದ್ದಾಗ, ಕಬ್ಬಿಣದ ಫ್ಲೋರೊಸಲ್ಫೇಟ್‌ನಿಂದ 3.9 ವೋಲ್ಟ್ ಕೊಡುವ ಕ್ಯಾಥೋಡ್ ತಯಾರಿಸಿದ ತಂಡದ ಮುಂಚೂಣಿಯಲ್ಲಿದ್ದರು. ಅದು 2011ರ ಮಾತು. ಕಬ್ಬಿಣದ ಕ್ಯಾಥೋಡಿಗೆ ಅಷ್ಟು ವೋಲ್ಟೇಜ್ ಅಪರೂಪ. ಈ ಫ್ಲೋರೊಸಲ್ಫೇಟ್ ಕುಟುಂಬದ ಲಿಥಿಯಂ-ಕಬ್ಬಿಣದ ಸದಸ್ಯನನ್ನು 2010ರಲ್ಲಿ ಅದೇ ಗುಂಪು ಬೇಯಿಸಿದ್ದು ಅಯಾನಿಕ ದ್ರವದೊಳಗೆ. ನೀರಿಗೆ ತಾಳದ ಆ ವಸ್ತುವನ್ನು ಹೆಚ್ಚು ಶಾಖದಲ್ಲೂ ಆವಿಯಾಗದ ದ್ರವದಲ್ಲಿ ತಯಾರಿಸುವುದು ಜಾಣತನವಾಗಿತ್ತು. ಬ್ಯಾಟರಿಯೊಳಗೆ ತುಂಬುವುದಷ್ಟೇ ಅಲ್ಲ, ಕ್ಯಾಥೋಡ್ ಹುಟ್ಟಿಸಲೂ ಅಯಾನಿಕ ದ್ರವ ನೆರವಾಗುತ್ತದೆ. 2014ರಲ್ಲಿ ಬರ್ಪಂಡ ಅವರು ಟೋಕಿಯೊದ ಅತ್ಸುವೊ ಯಮಾದ ಅವರೊಂದಿಗೆ ಸೋಡಿಯಂ, ಕಬ್ಬಿಣ, ಸಲ್ಫೇಟ್‌ಗಳ 3.8 ವೋಲ್ಟ್ ಕ್ಯಾಥೋಡನ್ನೂ ಪ್ರಕಟಿಸಿದರು. ಗಿಣಿಗೇರಿ ಸುತ್ತಮುತ್ತ ಕಬ್ಬಿಣದ ಕುಲುಮೆಗಳನ್ನು ದಿನವೂ ನೋಡುವವರಿಗೆ, ಅದೇ ಲೋಹ ಬ್ಯಾಟರಿಯೊಳಗೆ ಕೋಬಾಲ್ಟ್‌ನ ಜಾಗ ತೆಗೆದುಕೊಳ್ಳಬಹುದು ಎಂಬುದು ಸಣ್ಣ ಸಂಗತಿಯಲ್ಲ.

ತೋರಣಗಲ್ಲಿನ ಗ್ರಾಫೈಟ್ ಮತ್ತು ಒಂದು ತೊಡಕು

ಕೊಪ್ಪಳದಿಂದ ಹೊಸಪೇಟೆ ದಾಟಿ ತೋರಣಗಲ್ಲಿಗೆ ಹೋದರೆ, ಉಕ್ಕಿನ ಕಾರ್ಖಾನೆಯ ಕಲ್ಲಿದ್ದಲ ಡಾಂಬರಿನಿಂದ ಇಂಗಾಲದ ಉತ್ಪನ್ನ ಮಾಡುವ ಎಪ್ಸಿಲಾನ್ ಸಮೂಹದ ಘಟಕವಿದೆ. ಲಿಥಿಯಂ ಬ್ಯಾಟರಿಯ ಆನೋಡಿಗೆ ಬೇಕಾದ ಕೃತಕ ಗ್ರಾಫೈಟನ್ನು ದೇಶದಲ್ಲಿ ಮೊದಲು ತಯಾರಿಸಿದವರಲ್ಲಿ ಈ ಸಮೂಹವೂ ಒಂದು. ಅಂದರೆ ಬ್ಯಾಟರಿಯ ಅರ್ಧ ಭಾಗ ಆಗಲೇ ನಮ್ಮ ನೆರೆಯಲ್ಲಿದೆ.

ತೊಡಕು ಇರುವುದು ಇಲ್ಲೇ. ಅಯಾನಿಕ ದ್ರವದ ದೊಡ್ಡ ಧನ ಅಯಾನುಗಳು ಲಿಥಿಯಂ ಜೊತೆಗೇ ಗ್ರಾಫೈಟ್ ಪದರಗಳೊಳಗೆ ನುಗ್ಗಲು ನೋಡುತ್ತವೆ. ನುಗ್ಗಿದರೆ ಪದರಗಳು ಬಿಚ್ಚಿಕೊಂಡು ಗ್ರಾಫೈಟ್ ಹಾಳಾಗುತ್ತದೆ. ಕ್ಯಾಥೋಡ್ ಕಡೆ ಗೆದ್ದ ದ್ರವ ಆನೋಡ್ ಕಡೆ ಸೋಲುವುದು ಹೀಗೆ. ಜಪಾನಿನ ಕನ್ಸಾಯ್ ವಿಶ್ವವಿದ್ಯಾಲಯದ ಮಸಾಶಿ ಇಶಿಕಾವಾ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಎಫ್‌ಎಸ್‌ಐ ಎಂಬ ಚಿಕ್ಕ ಋಣ ಅಯಾನ್ ಇರುವ ದ್ರವ ಬಳಸಿದರೆ ಗ್ರಾಫೈಟ್ ಹಾಳಾಗದೆ ಕೆಲಸ ಮಾಡುತ್ತದೆ. 2014ರಲ್ಲಿ ಕಕ್ಷೆ ಸೇರಿದ ಜಪಾನಿನ ಹೊದೊಯೊಶಿ-3 ಎಂಬ ಪುಟ್ಟ ಉಪಗ್ರಹದಲ್ಲಿ ಅಯಾನಿಕ ದ್ರವದ ಲಿಥಿಯಂ ಬ್ಯಾಟರಿ ನಿರ್ವಾತದಲ್ಲೂ ಕೆಲಸ ಮಾಡಿ ತೋರಿಸಿತು.

ಮಂದ ದ್ರವಕ್ಕೆ ಬಿಸಿಯೇ ಮದ್ದು

ಅಯಾನಿಕ ದ್ರವದ ಮೇಲಿನ ದೊಡ್ಡ ದೂರು ಅದು ಮಂದ ಎನ್ನುವುದು. ಬ್ಯಾಟರಿಗೆ ಹೆಚ್ಚು ಬಳಸುವ ಒಂದು ಬಗೆ, 25 ಡಿಗ್ರಿಯಲ್ಲಿ ನೀರಿಗಿಂತ ಸುಮಾರು 80 ಪಟ್ಟು ಮಂದ. ಅದರೊಳಗೆ ಲಿಥಿಯಂ ನಿಧಾನವಾಗಿ ಚಲಿಸುತ್ತದೆ, ಬೇಗ ಚಾರ್ಜ್ ಮಾಡಲಾಗುವುದಿಲ್ಲ, ನಡುವಿನ ಪರದೆಯೂ ಸರಿಯಾಗಿ ನೆನೆಯುವುದಿಲ್ಲ. ಯುರೋಪಿನ ಚಳಿಯಲ್ಲಿ ಓಡುವ ಕಾರಿಗೆ ಇದು ದೊಡ್ಡ ಕೊರತೆಯೇ.

ಆದರೆ 60 ಡಿಗ್ರಿಗೆ ಬಿಸಿಯಾದರೆ ಆ ಮಂದತನ ಮೂರನೇ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಮಾಮೂಲಿ ದ್ರವ ಕೆಡಲು ಶುರುವಾಗುವ ಶಾಖದಲ್ಲಿ ಅಯಾನಿಕ ದ್ರವ ಚುರುಕಾಗುತ್ತದೆ. ಶೀತದೇಶದ ಪ್ರಯೋಗಾಲಯದಲ್ಲಿ 20 ಡಿಗ್ರಿಗೆ ಅಳೆದು ಬರೆದ ಅಂಕಪಟ್ಟಿಯನ್ನು ನಾವು ಹಾಗೇ ಒಪ್ಪಬೇಕಿಲ್ಲ ಎನ್ನುವುದು ಇದಕ್ಕೇ. ಕೊಪ್ಪಳದ ಮೇ ತಿಂಗಳಿಗೆ ಬೇರೆಯದೇ ಪರೀಕ್ಷೆ ಬೇಕು.

ಬೆಲೆಯ ಮಾತು ಮಾತ್ರ ಹಾಗಲ್ಲ. ಕಾರ್ಬೊನೇಟ್ ದ್ರಾವಕಗಳಿಗೆ ಹೋಲಿಸಿದರೆ ಅಯಾನಿಕ ದ್ರವಗಳು ಹಲವು ಪಟ್ಟು ದುಬಾರಿ, ಬ್ಯಾಟರಿಗೆ ಬೇಕಾದಷ್ಟು ಶುದ್ಧವಾಗಿ ಮಾಡುವುದು ಇನ್ನೂ ದುಬಾರಿ. ಹೀಗಾಗಿ ಅನೇಕ ತಂಡಗಳು ಮಾಮೂಲಿ ದ್ರವಕ್ಕೇ ಒಂದು ಪಾಲು ಅಯಾನಿಕ ದ್ರವ ಬೆರೆಸುವ ನಡುದಾರಿ ಹಿಡಿದಿವೆ. ಉರಿಯುವ ಗುಣ ತಗ್ಗುತ್ತದೆ, ಮಂದತನವೂ ಹೆಚ್ಚು ಏರುವುದಿಲ್ಲ. ಮೊದಲು ಮಾರುಕಟ್ಟೆಗೆ ಬರುವುದು ಈ ಬೆರಕೆಯೇ ಎಂದು ನನಗನ್ನಿಸುತ್ತದೆ.

ಪರಿಸರದ ಪ್ರಶ್ನೆಯನ್ನೂ ಮುಚ್ಚಿಡಬಾರದು. ಟಿಎಫ್‌ಎಸ್‌ಐನಲ್ಲಿರುವ ಇಂಗಾಲ-ಫ್ಲೋರಿನ್ ಬಂಧ ಮಣ್ಣಿನಲ್ಲೂ ನೀರಿನಲ್ಲೂ ಸುಲಭವಾಗಿ ಮುರಿಯುವುದಿಲ್ಲ. ಎಫ್‌ಎಸ್‌ಐನಲ್ಲಿ ಆ ಬಂಧ ಇಲ್ಲ, ಆ ಮಟ್ಟಿಗೆ ಅದು ಮೇಲು. ಕಾರ್ಖಾನೆ ಧೂಳಿನ ವಿರುದ್ಧ 2025ರಲ್ಲಿ ಗವಿಮಠದ ಶ್ರೀಗಳೊಂದಿಗೆ ಬೀದಿಗಿಳಿದ ಕೊಪ್ಪಳದ ಜನರಿಗೆ, ಹಳೆಯ ಬ್ಯಾಟರಿ ಕೊನೆಗೆ ಎಲ್ಲಿ ಹೋಗುತ್ತದೆ ಎಂದು ಕೇಳುವ ಹಕ್ಕು ಪೂರ್ತಿ ಇದೆ.

ಯಾವುದಕ್ಕೆ ಯಾವುದು?

ಕುಷ್ಟಗಿ, ಯಲಬುರ್ಗಾದ ಬಯಲಿನಲ್ಲಿ ಗಾಳಿಗಿರಣಿಗಳು ಸಾಲುಗಟ್ಟಿವೆ. ಆಷಾಢ, ಶ್ರಾವಣದಲ್ಲಿ ಜೋರಾಗಿ ತಿರುಗುತ್ತವೆ, ಬೇರೆ ತಿಂಗಳುಗಳಲ್ಲಿ ಅಷ್ಟಿಲ್ಲ. ಹಗಲಿಗೂ ರಾತ್ರಿಗೂ ಉತ್ಪಾದನೆ ಏರಿಳಿಯುತ್ತದೆ. ಈ ವಿದ್ಯುತ್ತನ್ನು ಕೆಲವು ಗಂಟೆ ಹಿಡಿದಿಡಲು ಬ್ಯಾಟರಿ ಬೇಕಾದರೆ 4.7 ವೋಲ್ಟ್‌ನ ಕ್ಯಾಥೋಡ್ ಬೇಕಿಲ್ಲ. ನೆಲದ ಮೇಲೆ ನಿಂತ ಪೆಟ್ಟಿಗೆಗೆ ತೂಕ ಭಾರವಲ್ಲ. ಕಬ್ಬಿಣದ ಫಾಸ್ಫೇಟ್ ಸಾಕು. ಅಲ್ಲಿ ಅಯಾನಿಕ ದ್ರವದ ಉಪಯೋಗ ಬೇರೆ: ಪೆಟ್ಟಿಗೆಯನ್ನು ತಂಪಾಗಿಡಲು ಸುರಿಯುವ ವಿದ್ಯುತ್ ಉಳಿಸಬಹುದು, ಬೆಂಕಿಯ ಭಯ ತಗ್ಗಿಸಬಹುದು. ಹೆಚ್ಚು ವೋಲ್ಟೇಜ್ ಬೇಕಾಗುವುದು ತೂಕವೇ ಲೆಕ್ಕವಾಗುವ ವಾಹನಕ್ಕೆ, ಫೋನಿಗೆ.

ಎರಡಕ್ಕೂ ಬೇಕಾದ ಮೊದಲ ಪರೀಕ್ಷೆಯನ್ನು ಕರ್ನಾಟಕದೊಳಗೇ ಮಾಡಬಹುದು: ತೋರಣಗಲ್ಲಿನ ಗ್ರಾಫೈಟ್, ಮ್ಯಾಂಗನೀಸ್ ಅಥವಾ ಕಬ್ಬಿಣದ ಕ್ಯಾಥೋಡ್, ನಡುವೆ ಎಫ್‌ಎಸ್‌ಐ ಬಗೆಯ ದ್ರವ ಅಥವಾ ಅದರ ಬೆರಕೆ, ಮತ್ತು ಸೆಲ್ ಇಡುವ ಪೆಟ್ಟಿಗೆಯ ಶಾಖ 50 ಡಿಗ್ರಿ. ಒಂದು ಗಂಟೆಯಲ್ಲಿ ತುಂಬಿಸಿ, ಇನ್ನೊಂದು ಗಂಟೆಯಲ್ಲಿ ಖಾಲಿ ಮಾಡುತ್ತ ಹೋದರೆ ಸಾವಿರ ಸುತ್ತಿಗೆ 2,000 ಗಂಟೆ ಬೇಕು, ಅಂದರೆ ಸುಮಾರು 83 ದಿನ.